ಭದ್ರಾವತಿಗೆ ಬಂದ ಟೈಟಾನಿಕ್!

ಕಳೆದ ಮಳೆಗಾಲದ ಒಂದು ಸಂಜೆ. ಶಿವಮೊಗ್ಗ ಬಸ್ ನಿಲ್ದಾಣ. ಈಗ ನಿಮ್ಮ ಕೈಯಲ್ಲಿದೆಯಲ್ಲ, ಇಂಥದೇ ಒಂದು ಸಿನಿಮಾ ಪತ್ರಿಕೆಯನ್ನು ಅಂಗಡಿಯವನ ಕಣ್ಣು ತಪ್ಪಿಸಿ ಬಿಟ್ಟಿ ಓದುತ್ತಾ ಭದ್ರಾವತಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಮೂವರು ಹುಡುಗರು. ಅದರಲ್ಲೊಬ್ಬ, ಹತ್ತೊಂಬತ್ತೋ ಇಪ್ಪತ್ತೋ ಇರಬಹುದು, ಗ್ಯಾರೇಜಿನ ನೀಲಿ ಅಂಗಿ, ಉಗುರಿನ ಸಂದಿಯಲ್ಲಿ ಗ್ರೀಸು. ಜೇಬಿನಿಂದ ಒಂದು ಹಿತ್ತಾಳೆ ಡಬ್ಬಿ ತೆಗೆದ. ಮುಚ್ಚಳ ತೆರೆದರೆ ಒಳಗೆ ದಿಕ್ಸೂಚಿ. ಮುಚ್ಚಳದ ಮೇಲೆ ನಾಲ್ಕು ಚಿಮಣಿಯ ಹಡಗು.

"ಟೈಟಾನಿಕ್ ಹಡಗಿಂದು ಕಣ್ರೋ. ಒರಿಜಿನಲ್!"

"ಬಿಡೋ ಬುರುಡೆ!"

"ಬುರುಡೆ ಅಲ್ಲ. ಪೇಪರಲ್ಲೇ ಬಂದಿದೆ, ನೋಡು." ಪರ್ಸಿನಿಂದ ಲ್ಯಾಮಿನೇಷನ್ ಮಾಡಿಸಿದ ಒಂದು ಪತ್ರಿಕೆಯ ತುಣುಕು ಹೊರಬಂತು. "ಬೆಂಗಳೂರಿಗೆ ಹೋಗಿ ಮಾರ್ತೀನಿ. ಲಕ್ಷದ ಮೇಲೆ ಬರುತ್ತಂತೆ. ಅಕ್ಕನ ಮದುವೆ ಖರ್ಚು ಇದರಲ್ಲೇ ಕಳೀತದೆ."

ಆ ತುಣುಕನ್ನು ನಾನು ಬಗ್ಗಿ ನೋಡಬೇಕಾಗಿರಲಿಲ್ಲ. ಅದರ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನನಗೆ ಬಾಯಿಪಾಠ. ಶೀರ್ಷಿಕೆ: 'ಭದ್ರಾವತಿಗೆ ಬಂದ ಟೈಟಾನಿಕ್!' ಕೆಳಗೆ ದಪ್ಪ ಅಕ್ಷರದಲ್ಲಿ ಲೇಖಕನ ಹೆಸರು. ಆ ಲೇಖಕ ನಾನೇ ಸ್ವಾಮಿ!

ಬಸ್ಸು ಬಂತು. ಅವನೂ ಹತ್ತಿದ, ನಾನೂ ಹತ್ತಿದೆ. ಮಾಚೇನಹಳ್ಳಿ ದಾಟಿತು, ಭದ್ರಾವತಿ ಬಂತು. ದಾರಿಯುದ್ದಕ್ಕೂ ಅವನ ಹಿಂದಿನ ಸೀಟಿನಲ್ಲಿ ಕೂತು ಅವನ ಕತ್ತನ್ನೇ ನೋಡಿದೆ. ಒಂದು ಮಾತು ಆಡಲಿಲ್ಲ. ಇಳಿಯುವಾಗ ಅಂಗಿಯ ಬೆನ್ನ ಮೇಲಿದ್ದ ಗ್ಯಾರೇಜಿನ ಹೆಸರನ್ನು ಮಾತ್ರ ಓದಿಕೊಂಡೆ.

ನಾನು ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನು. ಬಿಟ್ಟ ಮೇಲೆ ಏನು ಮಾಡುವುದು? ಬರೆಯುತ್ತೇನೆ ಎಂದೆ. ಅಪ್ಪ ನಕ್ಕರು. ಅವರದು ಮೂವತ್ತು ವರ್ಷ ಎರಕದ ಕೆಲಸ. ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುವ ಮೋಲ್ಡರ್. ಭದ್ರಾವತಿಯಲ್ಲಿ ಇದೇನು ವಿಶೇಷವಲ್ಲ ಬಿಡಿ. ಒಂದು ಕಾಲಕ್ಕೆ ಬೆಂಕಿಪುರ ಎಂದು ಕರೆಸಿಕೊಂಡ ಊರಿದು. 1923ರಲ್ಲಿ ಇಲ್ಲಿ ಕಬ್ಬಿಣದ ಕುಲುಮೆ ಹೊತ್ತಿದಾಗ ಅದಕ್ಕೆ ಉರುವಲು ಮಲೆನಾಡಿನ ಕಾಡಿನ ಇದ್ದಿಲು, ಅದಿರು ಕೆಮ್ಮಣ್ಣುಗುಂಡಿಯದು, ಆಡಳಿತ ಮಂಡಳಿಯ ತಲೆಯಾಗಿ ಕೂತವರು ಸರ್ ಎಂ. ವಿಶ್ವೇಶ್ವರಯ್ಯ. ಲೋಹ ನೋಡಿದರೆ ಅದರ ಜಾತಕ ಹೇಳುವವರು ನಮ್ಮ ಬೀದಿಗೆ ನಾಲ್ಕು ಜನ ಸಿಗುತ್ತಿದ್ದರು.

ನನಗೆ ಲೋಹ ಬೇಡವಾಗಿತ್ತು, ಸಿನಿಮಾ ಬೇಕಾಗಿತ್ತು. ಟೈಟಾನಿಕ್ ಸಿನಿಮಾ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದದ್ದು 1998ರಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ನಾನದನ್ನು ನೋಡಿದ್ದು ಹತ್ತನೇ ವಯಸ್ಸಿನಲ್ಲಿ, ಜನ್ನಾಪುರದಲ್ಲಿ ಪಕ್ಕದ ಮನೆಯವರ ಟೀವಿಯಲ್ಲಿ, ಬಾಡಿಗೆ ಸೀಡಿ ತಂದು. ಮೊದಲ ಡಿಸ್ಕು ಮುಗಿದು ಎರಡನೆಯದು ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಮರುದಿನ ಅಂಗಡಿಯವನು ಸೀಡಿ ವಾಪಸ್ ಇಸಕೊಂಡ. ಹಾಗಾಗಿ ನನ್ನ ಮಟ್ಟಿಗೆ ಒಂದಿಡೀ ವಾರ ಟೈಟಾನಿಕ್ ಮುಳುಗಲೇ ಇಲ್ಲ! ಇಂಗ್ಲಿಷ್ ಒಂದಕ್ಷರ ತಿಳಿಯದಿದ್ದರೂ ಆ ಹಡಗು ತಿಳಿಯಿತು. ಹಡಗಿನ ಹುಚ್ಚು ಅಂದೇ ಹಿಡಿದದ್ದು. ಸಮುದ್ರ ನೋಡಿದ್ದು ಆಮೇಲೆ ಎಷ್ಟೋ ವರ್ಷಕ್ಕೆ.

ಇನ್ನು ಆ ಡಬ್ಬಿಯ ಕಥೆ. ನಾಲ್ಕು ವರ್ಷದ ಹಿಂದೆ ಭದ್ರಾವತಿಯ ಒಂದು ಗುಜರಿ ಅಂಗಡಿಯಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಮೂರು ಸಾಲು: ಟೈಟಾನಿಕ್, ವೈಟ್ ಸ್ಟಾರ್ ಲೈನ್, 1912. ನನ್ನ ಎದೆ ಧಸಕ್ಕೆಂದಿತು. ಎಲ್ಲಿಂದ ಬಂತು ಎಂದು ಕೇಳಿದರೆ ಅಂಗಡಿಯಣ್ಣ, "ಗುಜರಾತ್ ಕಡೆ ಹಡಗು ಒಡೀತಾರಲ್ಲ ರಿಪೋರ್ಟರ್ ಸಾರ್, ಆ ಮಾಲಿನ ಜೊತೆ ಬಂತು" ಎಂದ. ಹೌದು, ಗುಜರಾತಿನ ಅಲಂಗ್ ಕಡಲತೀರದಲ್ಲಿ ಹಡಗು ಒಡೆಯುತ್ತಾರೆ. ದೊಡ್ಡ ದೊಡ್ಡ ಪ್ರಯಾಣಿಕರ ಹಡಗುಗಳೇ ಅಲ್ಲಿಗೆ ಬಂದು ಪ್ರಾಣ ಬಿಟ್ಟಿವೆ. 'ಫ್ರಾನ್ಸ್' ಎಂಬ ಹೆಸರಿನಲ್ಲಿ 1962ರಲ್ಲಿ ಮೊದಲ ಯಾನ ಹೊರಟ, 1035 ಅಡಿ ಉದ್ದದ ಸುಂದರಿ, ಆಮೇಲೆ 'ನಾರ್ವೆ' ಆಗಿ, ಕೊನೆಗೆ 'ಬ್ಲೂ ಲೇಡಿ' ಆಗಿ 2006ರಲ್ಲಿ ಬಂದು ಮಲಗಿದ್ದು ಆ ಮರಳಿನ ಮೇಲೆಯೇ. ಅವಳ ಮೂಗಿನ ತುದಿಯನ್ನು ಮಾತ್ರ ಕೊಯ್ದು ಕಾಪಾಡಿ 2009ರಲ್ಲಿ ಪ್ಯಾರಿಸ್ಸಿನಲ್ಲಿ ಹರಾಜು ಹಾಕಿದರು. ಅಲಂಗ್ ರಸ್ತೆಯ ಬದಿಯಲ್ಲಿ ಹಡಗಿನ ಕುರ್ಚಿ, ಮೇಜು, ತಟ್ಟೆ ಮಾರುವ ಅಂಗಡಿಗಳ ಸಾಲೇ ಇದೆ.

ಆದರೆ ಟೈಟಾನಿಕ್ ಅಲಂಗಿಗೆ ಬರುವುದು ಹೇಗೆ? ಅದು ಅಟ್ಲಾಂಟಿಕ್ ಸಾಗರದ ತಳದಲ್ಲಿದೆ, ಸುಮಾರು 3800 ಮೀಟರ್ ಆಳದಲ್ಲಿ. 1985ರ ಸೆಪ್ಟೆಂಬರ್ 1ರವರೆಗೆ ಅದು ಎಲ್ಲಿ ಬಿದ್ದಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಈ ಪ್ರಶ್ನೆ ನನಗೂ ಹೊಳೆಯಿತು. ಹೊಳೆದದ್ದಕ್ಕೆ ಉತ್ತರವನ್ನೂ ನಾನೇ ಕಟ್ಟಿದೆ. ಟೈಟಾನಿಕ್‌ನಲ್ಲಿ ನಮ್ಮ ಕಡೆಯಿಂದ ಹೋದವರಿದ್ದರು ಎಂದು ಓದಿದ್ದೆ. ಅದು ಸುಳ್ಳಲ್ಲ. ಗುಂಟೂರಿನಲ್ಲಿ ಪಾದ್ರಿಯಾಗಿದ್ದ ಬೆಕರ್ ಎಂಬ ಅಮೆರಿಕನ್ನರ ಹೆಂಡತಿ, ಮೂರು ಮಕ್ಕಳು ಆ ಹಡಗಿನಲ್ಲಿದ್ದರು. ಗಂಡುಮಗುವಿಗೆ ಕಾಯಿಲೆಯೆಂದು ಊರಿಗೆ ಹೊರಟಿದ್ದರು. ಹಿರಿಮಗಳು ರೂತ್, ಗುಂಟೂರಿನಲ್ಲೇ ಹುಟ್ಟಿದವಳು, ಆಗ 12 ವರ್ಷ. ತಾಯಿ, ತಮ್ಮ, ತಂಗಿ ಒಂದು ದೋಣಿಯಲ್ಲಿ, ಇವಳು ಇನ್ನೊಂದರಲ್ಲಿ. ನಾಲ್ವರೂ ಬದುಕಿದರು. ರೂತ್ 1990ರವರೆಗೂ ಇದ್ದರು.

ಈ ನಿಜದ ಬಾಲಕ್ಕೆ ನಾನು ಡಬ್ಬಿ ಕಟ್ಟಿದೆ. 'ಗುಂಟೂರಿನ ಆ ಕುಟುಂಬದ ಮೂಲಕ ಈ ದಿಕ್ಸೂಚಿ ದಕ್ಷಿಣ ಭಾರತಕ್ಕೆ ಬಂದಿರಬಹುದೇ?' ಎಂದು ಬರೆದೆ. ನೋಡಿ, 'ಬಂದಿರಬಹುದೇ'! ನಮ್ಮ ಕಸುಬಿನಲ್ಲಿ ಈ ಒಂದು ಪದ ಕಲಿತರೆ ಸಾಕು, ಹೊಟ್ಟೆಪಾಡು ನಡೆಯುತ್ತದೆ. ಅವರು ಭಾರತ ಬಿಟ್ಟು ಹೊರಟವರು, ಭಾರತಕ್ಕೆ ಬರುತ್ತಿದ್ದವರಲ್ಲ ಎಂಬ ಸಣ್ಣ ವಿಷಯ ನನ್ನ ಲೇಖನಿಗೆ ಅಡ್ಡ ಬರಲಿಲ್ಲ. ಶೀರ್ಷಿಕೆ ಕೂಡ ನಾನೇ ಕೊಟ್ಟಿದ್ದು. ಸಂಭಾವನೆ 300 ರೂಪಾಯಿ.

ಪತ್ರಿಕೆ ಬಂದ ದಿನ ಹೆಮ್ಮೆಯಿಂದ ಅಪ್ಪನಿಗೆ ತೋರಿಸಿದೆ. ಅಪ್ಪ ಓದಲಿಲ್ಲ. "ಆ ಡಬ್ಬಿ ಎಲ್ಲೈತೆ, ನಡಿ ನೋಡಣ" ಎಂದರು. ಅಂಗಡಿಗೆ ಕರಕೊಂಡು ಹೋದೆ. ಅಪ್ಪ ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದರು. ಅಲ್ಲಿ ಏನೂ ಮಾತಾಡಲಿಲ್ಲ. ಹೊರಗೆ ಬಂದು ಬೀಡಿ ಹಚ್ಚಿದ ಮೇಲೆ ಹೇಳಿದರು:

"ಎರಕ ಕಣೋ ಅದು. ಎರಡು ಬಾಕ್ಸ್ ಕೂಡಿದ ಗೆರೆ ಅಂಗೇ ಐತೆ, ಸರಿಯಾಗಿ ಉಜ್ಜೂ ಇಲ್ಲ. ಅಕ್ಷರದ ಅಂಚು ಎಲ್ಲ ಮೊಂಡ. ಇನ್ನೊಂದು ಡಬ್ಬಿನೇ ಅಚ್ಚಿಗೆ ಒತ್ತಿ ಎರೆದವ್ರೆ. ಕಪ್ಪು ಬಣ್ಣ ವಯಸ್ಸಿಂದಲ್ಲ, ಆಸಿಡ್‌ದು. ಹೆಚ್ಚು ಅಂದ್ರೆ ಹತ್ತು ವರ್ಷ."

"ನಿಂಗೆ ಹೇಗೆ ಗೊತ್ತು ಅಪ್ಪ?"

"ನಂಗೆ ಇನ್ನೇನು ಗೊತ್ತು?"

ಅಂದೇ ನಾನು ಒಂದು ತಿದ್ದುಪಡಿ ಬರೆಯಬಹುದಿತ್ತು. ನಾಲ್ಕೇ ಸಾಲು. ಬರೆಯಲಿಲ್ಲ. ಬರೆದರೆ ಮುಂದೆ ಲೇಖನ ತಗೊಳ್ಳುತ್ತಾರೋ ಇಲ್ಲವೋ ಎಂಬ ಭಯ. ಜೊತೆಗೆ, ಓದು ಬಿಟ್ಟವನು ಎಂದು ಮೂಗು ಮುರಿದಿದ್ದ ನೆಂಟರೆಲ್ಲ ಆ ವಾರ ಫೋನ್ ಮಾಡಿ ಹೊಗಳಿದ್ದರು. ಆ ಹೊಗಳಿಕೆಯನ್ನು ವಾಪಸ್ ಕೊಡಲು ಮನಸ್ಸಾಗಲಿಲ್ಲ. ಅಂಗಡಿಯಣ್ಣ ನನ್ನ ಲೇಖನವನ್ನು ಕತ್ತರಿಸಿ ಲ್ಯಾಮಿನೇಟ್ ಮಾಡಿಸಿ ಡಬ್ಬಿಯ ಪಕ್ಕ ಇಟ್ಟದ್ದು ನನಗೆ ಗೊತ್ತಿತ್ತು. ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಬೇರೆ ಏನು ಮಾಡಿದೆ ಗೊತ್ತೇ? ಟೈಟಾನಿಕ್ ಬಗ್ಗೆ ಓದಿದೆ. ತಪ್ಪು ಮಾಡಿದವನು ಪೊಲೀಸರ ಮನೆಯ ಸುತ್ತ ತಿರುಗುತ್ತಾನಂತೆ, ಹಾಗೆ. ಓದಿದಷ್ಟೂ ಆ ಡಬ್ಬಿ ಬೆತ್ತಲಾಗುತ್ತಾ ಹೋಯಿತು.

ಮೊದಲಿಗೆ ಹೆಸರು. ಟೈಟಾನಿಕ್‌ನ ಊಟದ ತಟ್ಟೆಯ ಮೇಲೆ 'ಟೈಟಾನಿಕ್' ಎಂದು ಬರೆದಿರಲಿಲ್ಲ! ವೈಟ್ ಸ್ಟಾರ್ ಕಂಪನಿಯ ಗುರುತು, ಬಾವುಟದ ಮೇಲೊಂದು ನಕ್ಷತ್ರ, ಅಷ್ಟೇ. ಈ ಹಡಗಿನ ತಟ್ಟೆ ಆ ಹಡಗಿಗೂ ಆಗಬೇಕಲ್ಲ. ನಮ್ಮ ಸರ್ಕಾರಿ ಬಸ್ಸಿನ ಸೀಟಿನ ಮೇಲೆ ನಿಗಮದ ಹೆಸರಿರುತ್ತದೆಯೇ ಹೊರತು 'ಭದ್ರಾವತಿ ಆರೂವರೆ ಗಾಡಿ' ಎಂದು ಇರುವುದಿಲ್ಲ. ಬೀಗದ ಕೈಗೆ ಕಟ್ಟುವ ಬಿಲ್ಲೆಯಂಥ ಕೆಲವಕ್ಕೆ ಹಡಗಿನ ಹೆಸರು ಇದ್ದದ್ದುಂಟು. ಹಡಗಿನ ಕಂಬದ ಮೇಲಿನ ಕಾವಲುಗೂಡಿನ ಅಂಥ ಒಂದು ಬೀಗದ ಕೈ 2007ರಲ್ಲಿ ಹರಾಜಿನಲ್ಲಿ 90,000 ಪೌಂಡಿಗೆ ಹೋಯಿತು. ಹಡಗು ಮುಳುಗುವಾಗ ವಾದ್ಯ ನುಡಿಸುತ್ತಿದ್ದ ತಂಡದ ನಾಯಕ ವಾಲೆಸ್ ಹಾರ್ಟ್ಲಿಯ ಪಿಟೀಲು 2013ರಲ್ಲಿ ಒಂಬತ್ತು ಲಕ್ಷ ಪೌಂಡಿಗೆ!

ಎರಡನೆಯದು ಆ '1912'. ಹಡಗು ಮುಳುಗಿದ್ದು 1912ರ ಏಪ್ರಿಲ್ 15ರಂದು, ಹೊರಟ ಐದೇ ದಿನಕ್ಕೆ. ಆ ವರ್ಷ ನಮಗೆ ದೊಡ್ಡದು, ಕಂಪನಿಗೆ ಅದು ಇನ್ನೊಂದು ವರ್ಷ ಮಾತ್ರ. ಸಾಯುವ ವರ್ಷವನ್ನು ಹಣೆಯ ಮೇಲೆ ಅಚ್ಚು ಹಾಕಿಸಿಕೊಂಡು ಯಾರಾದರೂ ಹುಟ್ಟುತ್ತಾರೆಯೇ? ಇನ್ನು ದಿಕ್ಸೂಚಿ. ಹಡಗಿನ ದಿಕ್ಸೂಚಿ ನಾವಿಕರ ಮುಂದೆ ಪೀಠದ ಮೇಲೆ ಕೂರುವಂಥದು, ಜೇಬಿಗೆ ಹಾಕಿಕೊಳ್ಳುವಂಥದಲ್ಲ. ಈ ಜೇಬಿನ ಹಿತ್ತಾಳೆ ಮಾಲು ತಯಾರಾಗುವುದು ನಮ್ಮ ದೇಶದಲ್ಲೇ, ಉತ್ತರದ ಮೊರಾದಾಬಾದ್, ರೂರ್ಕಿ ಕಡೆ. ಅವರು ಅದನ್ನು ಷೋಕಿ ಸಾಮಾನೆಂದೇ ಮಾರುತ್ತಾರೆ. ಅದು ಮೋಸವಲ್ಲ. ನನ್ನಂಥವನ ಲೇಖನಿ ತಗುಲಿದ ಮೇಲೆ ಮೋಸ.

ಮುಚ್ಚಳದ ಮೇಲಿನ ಚಿತ್ರದಲ್ಲಿ ನಾಲ್ಕೂ ಚಿಮಣಿಯಿಂದ ದಟ್ಟ ಹೊಗೆ. ಇದರಲ್ಲೊಂದು ಮಜಾ ಇದೆ ಕೇಳಿ. ಬಾಯ್ಲರುಗಳ ಹೊಗೆ ಹೋಗುತ್ತಿದ್ದದ್ದು ಮೊದಲ ಮೂರು ಚಿಮಣಿಗಳಲ್ಲಿ ಮಾತ್ರ. ನಾಲ್ಕನೆಯದು ಮುಖ್ಯವಾಗಿ ಗಾಳಿಯಾಡಲು, ಅಡುಗೆಮನೆಯ ಹೊಗೆ ಕಳೆಯಲು, ಮತ್ತು... ಅಂದಕ್ಕೆ! ಆಗಿನ ಪ್ರಯಾಣಿಕರಿಗೆ ನಾಲ್ಕು ಚಿಮಣಿ ಅಂದರೆ ಹಡಗು ದೊಡ್ಡದು, ವೇಗದ್ದು, ಗಟ್ಟಿ ಎಂಬ ನಂಬಿಕೆ. ಎದುರಾಳಿ ಕಂಪನಿಯ ಹಡಗುಗಳಿಗೆ ನಾಲ್ಕಿದ್ದವು. ಇವರಿಗೆ ಮೂರು ಸಾಲುತ್ತದೆಯೇ? ಆ ಕಾಲದ ಚಿತ್ರಗಾರರೂ ನಾಲ್ಕರಲ್ಲೂ ಹೊಗೆ ಬರೆದದ್ದುಂಟು, ಆದ್ದರಿಂದ ಇದೊಂದರಿಂದಲೇ ಡಬ್ಬಿಯನ್ನು ಹಿಡಿಯಲಾಗದು. ಆದರೆ 20 ದೋಣಿ, ಅದರಲ್ಲಿ ಜಾಗ 1178 ಜನಕ್ಕೆ, ಹಡಗಿನಲ್ಲಿದ್ದವರು ಸುಮಾರು 2200. ಅಂದಕ್ಕೆ ಒಂದು ಚಿಮಣಿ ಹೆಚ್ಚು, ಪ್ರಾಣಕ್ಕೆ ದೋಣಿ ಕಮ್ಮಿ.

ಅಪ್ಪನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವರು ಆ ಸಿನಿಮಾವನ್ನು ಅಮ್ಮನ ಜೊತೆ ಶಿವಮೊಗ್ಗದ ಟಾಕೀಸಿನಲ್ಲಿ ನೋಡಿದ್ದವರು. ನಾಯಕ, ನಾಯಕಿ ಯಾರೂ ನೆನಪಿಲ್ಲ. ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಎಸೆಯುವವರು ಮಾತ್ರ ನೆನಪು. "ಆ ತಗಡು ಹೆಂಗೆ ಕೂಡಿಸಿದ್ರು?" ಎಂದು ಒಂದು ದಿನ ಕೇಳಿದರು. ರಿವೆಟ್ಟು ಅಪ್ಪ, ಸುಮಾರು 30 ಲಕ್ಷ ರಿವೆಟ್ಟು! 882 ಅಡಿ 9 ಇಂಚಿನ ಹಡಗು. ನಮ್ಮ ಕೆಂಪು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಇಪ್ಪತ್ತರ ಮೇಲೆ ಬೇಕು. ನಡುಭಾಗಕ್ಕೆ ಉಕ್ಕಿನ ರಿವೆಟ್ಟು, ಯಂತ್ರದಿಂದ ಹೊಡೆದದ್ದು. ಮುಂದೆ ಹಿಂದೆ ಹಡಗು ಬಾಗುವ ಕಡೆ ಆ ದೊಡ್ಡ ಯಂತ್ರ ಹೋಗದು, ಅಲ್ಲಿ ಕಬ್ಬಿಣದ ರಿವೆಟ್ಟು, ಕೈಯಲ್ಲಿ ಬಡಿದದ್ದು. ಸಮುದ್ರದ ತಳದಿಂದ ಎತ್ತಿ ತಂದ ರಿವೆಟ್ಟುಗಳನ್ನು ಲೋಹತಜ್ಞರು ಕೊಯ್ದು ನೋಡಿದಾಗ ಅಂಥ ಕಬ್ಬಿಣದವುಗಳಲ್ಲಿ ಕಿಟ್ಟ ಹೆಚ್ಚಾಗಿ ಕಂಡಿತು. ಮಂಜುಗಡ್ಡೆ ತಾಗಿದಾಗ ಅವುಗಳ ತಲೆ ಹಾರಿ ತಗಡಿನ ಸಂದು ಬಿಟ್ಟಿತೆಂಬುದು ಅವರ ವಾದ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. "ಸ್ಲ್ಯಾಗ್ ಒಳಗೆ ಸೇರಿಕೊಂಡ್ರೆ ಮೇಲೆ ಕಾಣಲ್ಲ ಕಣೋ. ಹೊಡೆತ ಬಿದ್ದಾಗಲೇ ಗೊತ್ತಾಗದು" ಎಂದರು. ನಾನು ತಲೆ ತಗ್ಗಿಸಿದೆ. ಅವರು ರಿವೆಟ್ಟಿನ ಬಗ್ಗೆಯೇ ಹೇಳಿದ್ದಿರಬಹುದು.

ಇಷ್ಟೆಲ್ಲ ತಿಳಿದುಕೊಂಡಿದ್ದವನು ಬಸ್ಸಿನಲ್ಲಿ ಆ ಹುಡುಗನ ಹಿಂದೆ ಬಾಯಿ ಬಿಗಿದುಕೊಂಡು ಕೂತದ್ದು. ಹನ್ನೊಂದು ದಿನ ಹಾಗೇ ಕಳೆದೆ. ಹನ್ನೆರಡನೇ ದಿನ ಅಪ್ಪನೇ ಕೇಳಿದರು, "ಊಟ ಯಾಕೆ ಸೇರ್ತಿಲ್ಲ?" ಹೇಳಿದೆ. "ಮದುವೆ ಯಾವಾಗ?" ಎಂದರು. ಗೊತ್ತಿಲ್ಲ ಎಂದೆ. "ಅವನು ಬೆಂಗಳೂರಿಗೆ ಹೋಗಿ ನಗೆಪಾಟಲಾಗೋಕೆ ಮುಂಚೆ ನೀನು ಹೋಗು."

ಗ್ಯಾರೇಜು ಹೊಸಮನೆ ಕಡೆ. ಹುಡುಗ ಒಂದು ಬೈಕಿನ ಇಂಜಿನ್ ಬಿಚ್ಚಿ ಕೂತಿದ್ದ. ಸಿನಿಮಾದಲ್ಲಾದರೆ ಹಿನ್ನೆಲೆ ಸಂಗೀತ ಬರುತ್ತಿತ್ತು. ಇಲ್ಲಿ ಪಕ್ಕದಲ್ಲಿ ಕಂಪ್ರೆಸರ್ ಬಡಿದುಕೊಳ್ಳುತ್ತಿತ್ತು. ಹೆಸರು ಹೇಳಿದೆ. ಅವನ ಮುಖ ಅರಳಿತು! "ಅಯ್ಯೋ ಸಾರ್, ನೀವೇನಾ! ಕೂತ್ಕೊಳಿ ಸಾರ್, ಟೀ ತರಿಸ್ತೀನಿ."

ಟೀ ಬಂತು. ಆ ಟೀ ಕುಡಿಯುತ್ತಾ ಹೇಳಿದೆ. ಅಚ್ಚಿನ ಗೆರೆ, ಆಸಿಡ್ಡು, ತಟ್ಟೆಯ ಮೇಲಿನ ನಕ್ಷತ್ರ, ಗುಂಟೂರು, ಎಲ್ಲ. ಅವನು ವೇಸ್ಟ್ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ ಕೇಳಿದ. ಕೊನೆಗೆ ಒಂದೇ ಪ್ರಶ್ನೆ.

"ಇದು ನಿಮಗೆ ಎಷ್ಟು ದಿನದಿಂದ ಗೊತ್ತು ಸಾರ್?"

"ನಾಲ್ಕು ವರ್ಷ."

"ನಾನು ತಗೊಂಡು ಎರಡು ವರ್ಷ ಆಯ್ತು."

ಹೊಡೆದಿದ್ದರೆ ಚೆನ್ನಾಗಿತ್ತು. 4,500 ರೂಪಾಯಿ ಕೊಟ್ಟಿದ್ದನಂತೆ, ಮೂರು ತಿಂಗಳ ಸಂಬಳದಲ್ಲಿ ಕೂಡಿಸಿ. ಅಂಗಡಿಯಣ್ಣ ಮೊದಲು ಎರಡೂವರೆ ಸಾವಿರ ಹೇಳಿ, ಲೇಖನ ತೋರಿಸಿದ ಮೇಲೆ ದರ ಏರಿಸಿದ್ದನಂತೆ. ಅಂದರೆ ನನ್ನ ಬರಹದ ಬೆಲೆ ಎರಡು ಸಾವಿರ. ಅಂಗಡಿ ಈಗಿಲ್ಲ, ಅವನು ಊರು ಬಿಟ್ಟಿದ್ದಾನೆ. ಇದ್ದಿದ್ದರೂ ಏನು ಕೇಳಲಿ? ಅವನು ಹೇಳಿದ್ದು ಹಡಗಿನ ಮಾಲು ಎಂದು. ಗುಂಟೂರು ನನ್ನದು.

"ಮನೇಲಿ ಅಮ್ಮ ಲೆಕ್ಕ ಹಾಕಿ ಕೂತವ್ರೆ" ಎಂದ. ಆಮೇಲೆ, ಬಹಳ ಮರ್ಯಾದೆಯಿಂದಲೇ, "ದುಡ್ಡು ಕೊಡಿ ಸಾರ್" ಎಂದ. ಒಪ್ಪಿದೆ. ಮೂರು ಕಂತು, ಒಂದೂವರೆ ಸಾವಿರದಂತೆ. ಅವತ್ತು ಸಂಜೆಯೇ ಅವನ ಜೊತೆ ಮನೆಗೂ ಹೋಗಿ ಅವನ ತಾಯಿಗೆ ಹೇಳಿದೆ. ಆ ಅರ್ಧ ಗಂಟೆಯನ್ನು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಅಕ್ಕ ಒಳಗಿನಿಂದ ನೀರು ತಂದುಕೊಟ್ಟರು ಎಂದಷ್ಟೇ ಹೇಳಬಲ್ಲೆ. ಮದುವೆಯನ್ನು ಮುಂದಕ್ಕೆ ಹಾಕಿಲ್ಲ, ಸಾಲ ಮಾಡಿದ್ದಾರೆ.

ಹೊರಗೆ ಬಂದಾಗ ಹುಡುಗ ಬೀದಿ ದೀಪದ ಕೆಳಗೆ ನಿಂತು ಕೇಳಿದ, "ಹಂಗಾದ್ರೆ ಸಾರ್, ಸಿನಿಮಾದಲ್ಲಿ ಇರೋ ಹಡಗು?"

ಅದೂ ಸುಳ್ಳೇ ಎಂದೆ. ಮೆಕ್ಸಿಕೋ ದೇಶದ ರೊಸಾರಿಟೋ ಎಂಬ ಕಡಲ ಊರಿನಲ್ಲಿ ಹೆಚ್ಚುಕಮ್ಮಿ ನಿಜದ ಗಾತ್ರದ್ದೇ ಹಡಗು ಕಟ್ಟಿದರು, ಆದರೆ ಪೂರ್ತಿ ಮುಗಿಸಿದ್ದು ಬಲಮಗ್ಗುಲು ಮಾತ್ರ! ಬಂದರಿನಲ್ಲಿ ಎಡಮಗ್ಗುಲು ತೋರಿಸಬೇಕಿತ್ತು. ಏನು ಮಾಡಿದರು? ಬೋರ್ಡುಗಳ ಮೇಲಿನ ಅಕ್ಷರಗಳನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರೆಸಿ, ಚಿತ್ರೀಕರಿಸಿ, ಆಮೇಲೆ ಫಿಲ್ಮನ್ನೇ ತಿರುಗಿಸಿದರು. ಆ ಮಹಾ ಮೆಟ್ಟಿಲಿನ ಸಾಲು ನೆನಪಿದೆಯಲ್ಲ, ನಾಯಕ ಗಡಿಯಾರದ ಬಳಿ ನಿಲ್ಲುವ ಜಾಗ? ಅದನ್ನು ಕಟ್ಟುವಾಗ ಅಕ್ಕ-ಹಡಗು 'ಒಲಿಂಪಿಕ್'ನ ಫೋಟೋಗಳನ್ನು ಆಧಾರ ಮಾಡಿಕೊಂಡರು, ಟೈಟಾನಿಕ್‌ನ ಒಳಗಿನ ಫೋಟೋಗಳು ಕಮ್ಮಿ. ನೀರು ನುಗ್ಗಿಸಿದಾಗ ಆ ಮೆಟ್ಟಿಲು ಬುಡ ಕಿತ್ತು ಮೇಲೆದ್ದಿತಂತೆ. ನಾಯಕಿ ಮಲಗಿ ಬದುಕಿಕೊಳ್ಳುವ ಹಲಗೆ? ಹಗುರ ಮರದ ಸೆಟ್ ಸಾಮಾನು. ಅದು 2024ರ ಮಾರ್ಚಿನಲ್ಲಿ ಅಮೆರಿಕದ ಹರಾಜಿನಲ್ಲಿ 7,18,750 ಡಾಲರಿಗೆ ಹೋಯಿತು. ಸುಮಾರು ಆರು ಕೋಟಿ ರೂಪಾಯಿ.

"ಸುಳ್ಳು ಹಲಗೆಗೆ ಆರು ಕೋಟಿ!"

"ಸುಳ್ಳು ಅಂತ ಹೇಳಿಯೇ ಮಾರಿದ್ದು ಕಣಯ್ಯಾ."

ಅವನು ಡಬ್ಬಿ ತೆಗೆದು ನೋಡಿದ. ವಾಪಸ್ ಕೊಡುತ್ತಾನೆಂದು ಕೈ ಚಾಚಿದೆ. ಮುಚ್ಚಳ ಟಪ್ ಎಂದು ಮುಚ್ಚಿ ಜೇಬಿಗೆ ಹಾಕಿಕೊಂಡ. "ಇದು ಇರಲಿ ಸಾರ್. ಮುಳ್ಳು ಸರಿಯಾಗೇ ಉತ್ತರ ತೋರಿಸ್ತದೆ." ಆ ಲ್ಯಾಮಿನೇಷನ್ ತುಣುಕನ್ನು ಮಾತ್ರ ನನ್ನ ಕೈಗಿಟ್ಟ.

ಅಪ್ಪ ಈಗ ಅವನ ಗ್ಯಾರೇಜಿಗೆ ಆಗಾಗ ಹೋಗಿ ಕೂರುತ್ತಾರೆ. ಡಬ್ಬಿಯ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿಕೊಟ್ಟಿದ್ದಾರಂತೆ. ಎರಡು ಕಂತು ಕೊಟ್ಟಾಗಿದೆ. ಮೂರನೆಯದಕ್ಕೆ ಈ ಲೇಖನದ ಸಂಭಾವನೆಯನ್ನೇ ನಂಬಿದ್ದೇನೆ. ಸಂಪಾದಕರು ದಯವಿಟ್ಟು ಮನಿಯಾರ್ಡರಿನ ಕಾಲದಂತೆ ಎರಡು ತಿಂಗಳು ಕಾಯಿಸಬಾರದು. ಹುಡುಗ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಾನೆ.